ಮರಳಿನಲ್ಲಿ ಎತ್ತಿದ ಕೈ

ಆ ವರ್ಷಗಳಲ್ಲಿ ನಾನು ದಿನಾ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೆಳಿಗ್ಗೆ ರೊಟ್ಟಿ ತಟ್ಟಿ, ಅತ್ತೆಯ ಮಾತ್ರೆ ತೆಗೆದಿಟ್ಟು, ಎಸ್.ಎಸ್. ಬಡಾವಣೆಯಿಂದ ಬಸ್‌ಸ್ಟ್ಯಾಂಡಿಗೆ ಬಂದು, ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವುದು. ಪಾಠ ಮಾಡುವಾಗಲೂ ನಿಂತಿರುತ್ತಿದ್ದೆ. ತೊಂಬತ್ತರ ದಶಕದ ಕೊನೆ ಎಂದರೆ ನನಗೆ ಮೊದಲು ನೆನಪಾಗುವುದು ಮೀನಖಂಡದ ನೋವು.

ನನ್ನ ಗಂಡ ಮನೆತನದ ಬೈಕ್ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಿದ್ದರು. ಊರು ಅವರನ್ನು ಗುರುತಿಸುತ್ತಿದ್ದದ್ದು ಮಾತ್ರ ಬೈಕ್ ರೇಸಿನಿಂದ. ಸುತ್ತಮುತ್ತ ಎಲ್ಲಿ ರೇಸಾದರೂ ಒಂದು ಕಪ್ಪು ತರುತ್ತಿದ್ದರು. ಮೂವತ್ತೈದು ದಾಟುವ ಹೊತ್ತಿಗೆ ಅವರಿಗೆ ರಾಜಸ್ಥಾನದ ಮರುಭೂಮಿಯ ರ‍್ಯಾಲಿಯ ಹುಚ್ಚು ಹತ್ತಿತು. ಆರು ದಿನದ ಓಟ. ದಿನಕ್ಕೆ ನೂರಾರು ಕಿಲೋಮೀಟರು, ಅದೂ ದಾರಿಯಿಲ್ಲದ ಕಡೆ.

ಅಭ್ಯಾಸಕ್ಕೆಂದು ಬೇಸಿಗೆಯಲ್ಲಿ ಉಕ್ಕಡಗಾತ್ರಿ ಹತ್ತಿರ ಹೊಳೆಯ ಮರಳಿಗೆ ಹೋಗುತ್ತಿದ್ದರು. ಒಂದು ಭಾನುವಾರ ನಾನೂ ಹೋಗಿದ್ದೆ. ನೀರಿಗೆ ಇಳಿಯುತ್ತಿದ್ದ ಎಮ್ಮೆಗಳ ನಡುವೆ ಇವರ ಬೈಕು ನುಗ್ಗಿ, ಒಂದು ಎಮ್ಮೆ ಬೆದರಿ ಕಾಲು ಮುರಿದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಅದರ ಒಡೆಯ ಕಡರನಾಯಕನಹಳ್ಳಿಯ ರೈತ. ಅವನು ಕೂಗಾಡಲಿಲ್ಲ.

"ನಿಮ್ ರೇಸು ನಿಮಗೆ ಗೊತ್ತೈತೆ. ನಮ್ ಎಮ್ಮಿಗೆ ಹೆಂಗೆ ಗೊತ್ತಾಗ್ಬೇಕ್ರಿ?" ಅಂದ.

ಇವರು ಕ್ಷಮೆ ಕೇಳಿ, ಸ್ವಲ್ಪ ಕೆಳಗೆ ಹೋಗಿ ಮತ್ತೆ ಓಡಿಸಿದರು. ನಾನು ಛತ್ರಿ ಹಿಡಿದುಕೊಂಡು ದಂಡೆಯಲ್ಲೇ ಕೂತಿದ್ದೆ.

ರ‍್ಯಾಲಿಗೆ ಹೋದಮೇಲೆ ದಿನಾ ಸಂಜೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದರು. ಮೂರನೆಯ ದಿನ, "ಒಬ್ಬ ರೈಡರ್ ತೀರಿಕಂಡ, ಹುಬ್ಬಳ್ಳಿಯೋನಂತೆ" ಎಂದಷ್ಟೇ ಹೇಳಿ ಇಟ್ಟರು. ಆರು ದಿನ ಮುಗಿಸಿ, ಹನ್ನೊಂದನೆಯವರಾಗಿ ಬಂದರು. ಸ್ಟೇಷನ್ನಿಗೆ ಹಾರ ತಂದವರು ಇಪ್ಪತ್ತು ಜನ. ಮುಂದಿನ ತಿಂಗಳು ಕಲ್ಯಾಣ ಮಂಟಪದಲ್ಲಿ ಸನ್ಮಾನ ಎಂದು ಅಲ್ಲೇ ನಿಶ್ಚಯವಾಯಿತು. ಮನೆಗೆ ಬಂದವರು ಎರಡು ದಿನ ಮಲಗೇ ಇದ್ದರು. ದಣಿವು ಎಂದುಕೊಂಡೆ.

ಹತ್ತು ದಿನದ ಮೇಲೆ, ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಫೋನು ಬಂತು. ಹೆಣ್ಣುದನಿ. ಹುಬ್ಬಳ್ಳಿಯಿಂದ, ಸತ್ತ ಆ ರೈಡರನ ಹೆಂಡತಿ.

"ಎರಡೆರಡು ನಿಮಿಷಕ್ಕ ಒಬ್ಬೊಬ್ಬರನ್ನ ಬಿಡ್ತಿದ್ರಂತ್ರಿ. ನಮ್ಮವರ ಹಿಂದನ ಹೊಂಟವರು ನಿಮ್ಮ ಯಜಮಾನ್ರು. ಅವರು ಏನರ ನೋಡಿದ್ರೇನು ಅಂತ ಕೇಳಬೇಕಾಗಿತ್ತು."

"ಇಲ್ರೀ, ಅವ್ರು ಏನೂ ನೋಡಿಲ್ಲ" ಅಂದೆ. ನಾನು ಅವರನ್ನು ಕೇಳಿಯೇ ಇರಲಿಲ್ಲ. ಅಷ್ಟು ಸಲೀಸಾಗಿ ಹೇಗೆ ಬಾಯಿಂದ ಬಂತೋ.

ಆಕೆ ಫೋನು ಇಡಲಿಲ್ಲ. "ಬಿದ್ದ ಕೂಡ್ಲೆ ಹೋದ್ರು, ತ್ರಾಸ ಆಗ್ಲಿಲ್ಲ ಅಂತ ರ‍್ಯಾಲಿಯವರು ಹೇಳ್ಯಾರ್ರಿ. ಆದ್ರ ಅವರ ಸಾಮಾನು ನನ್ನ ಕೈಗೆ ಬಂದಾಗ ಎರಡೂ ಗ್ಲೌಸು ಮಡಚಿ ಹೆಲ್ಮೆಟ್‌ನ್ಯಾಗ ಇಟ್ಟಿದ್ರು. ಅದು ಅವರ ರೂಢಿರಿ. ನೀರಿನ ಬಾಟ್ಲಿ ಖಾಲಿ. ಕೂಡ್ಲೆ ಹೋದಾಂವ ಗ್ಲೌಸು ಹೆಂಗ ಮಡಚ್ತಾನ್ರಿ? ಒಮ್ಮೆ ಕೇಳಿ ನೋಡ್ರಿ. ನಾ ಮತ್ತ ಮಾಡ್ತೀನಿ."

ಆ ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ ಗಂಡನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಹಿತ್ತಿಲ ಮೆಟ್ಟಿಲ ಮೇಲೆ ಕೂತರು.

"ನೋಡಿದೆ. ನಮ್ ಬನ್ನಿ ಮರ ಇರ್ತೈತಲ್ಲ, ಅಂಥಾದೊಂದು ಮರದ ಕೆಳಗೆ ಕುಂತಿದ್ದ. ಕೈ ಎತ್ತಿದ."

"ನೀವು ನಿಲ್ಲಿಸಲಿಲ್ವಾ?"

"ಇಲ್ಲ."

"ಯಾಕ?"

"ಹಿಂದೆ ಇನ್ನೂ ನಲವತ್ತು ಜನ ಇದ್ರು. ಯಾರಾರ ನಿಲ್ತಾರೆ ಅಂದ್ಕಂಡೆ. ಆರಾಮ ಇದೀನಿ ಹೋಗು ಅಂತ ಕೈ ಎತ್ತಿದ ಅಂತ್ಲೂ ಅಂದ್ಕಂಡೆ. ಎರಡೂ ಒಟ್ಟಿಗೆ ಅಂದ್ಕಂಡೆ, ನೋಡು."

ಬಿದ್ದವರಿಗಾಗಿ ನಿಲ್ಲಲೇಬೇಕು, ನಿಂತ ಸಮಯವನ್ನು ಲೆಕ್ಕದಿಂದ ಬಿಡುತ್ತಾರೆ ಎಂಬ ನಿಯಮ ಇತ್ತಂತೆ. ಅದು ಅವರಿಗೆ ಗೊತ್ತಿತ್ತು. ಆದರೂ ನಿಲ್ಲಲಿಲ್ಲ. ಹಿಂದಿನ ನಲವತ್ತು ಜನರಲ್ಲಿ ಕೆಲವರು ಗಾಳಿಗೆ ದಾರಿ ತಪ್ಪಿ ಬೇರೆ ದಿಬ್ಬ ಹತ್ತಿದ್ದರು. ಉಳಿದವರು ಏನು ಅಂದುಕೊಂಡರೋ ಯಾರಿಗೆ ಗೊತ್ತು. ಸಂಜೆ ಕೊನೆಯ ಜೀಪಿನವರು ಬಂದಾಗ ಆ ಮನುಷ್ಯ ಹೋಗಿಬಿಟ್ಟಿದ್ದ. ಹೊಟ್ಟೆಯೊಳಗೆ ರಕ್ತ ಹರಿದಿತ್ತಂತೆ.

ನಾನು ಬೈಯಬಹುದಿತ್ತು. ಒಳಗೆ ಹೋಗಿ ಕುಕ್ಕರ್ ಇಟ್ಟೆ. ಅವತ್ತು ನನಗೆ ಅಷ್ಟೇ ಆದದ್ದು.

ಮುಂದಿನ ಭಾನುವಾರ ರೈಲಿನಲ್ಲಿ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಫೋನಿನಲ್ಲಿ ಹೇಳಿ ಮುಗಿಸೋಣ ಎಂದರೆ ಇವರು ಒಪ್ಪಲಿಲ್ಲ. ಆಕೆಯೇ ನಮ್ಮನ್ನು ಹಾಲ್‌ನಲ್ಲಿ ಕೂರಿಸಿ ತಂಬಿಗೆಯಲ್ಲಿ ನೀರು ತಂದಿಟ್ಟರು. ನನಗಿಂತ ಚಿಕ್ಕವರು. ಇವರು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ನನಗೆ ಹೇಳದೆ ಇದ್ದದ್ದೂ ಒಂದಿತ್ತು.

"ಅಲ್ಲಿಂದ ಮೂವತ್ತು ಕಿಲೋಮೀಟರಿಗೆ ಪೆಟ್ರೋಲ್ ಹಾಕೋ ಜಾಗ ಇತ್ತಮ್ಮ. ವೈರ್‌ಲೆಸ್ ಇತ್ತು. ಅಲ್ಲೂ ಹೇಳ್ಲಿಲ್ಲ. ಹೇಳಿದ್ರೆ, ನೀ ಯಾಕ ನಿಲ್ಲಿಲ್ಲ ಅಂತ ಕೇಳ್ತಾರೆ ಅಂತ."

ಬಾಯಾರಿದ್ದರೂ ನೀರಿಗೆ ಕೈ ಚಾಚಲು ನನಗಾಗಲಿಲ್ಲ.

ಕೊನೆಗೆ ಆಕೆ, "ನಿಮಗ ಬೈಯಾಕ ನನಗ ಶಕ್ತಿ ಇಲ್ರಿ" ಅಂದರು. "ಅವರು ಕುಂತಿದ್ರು, ಕೈ ಎತ್ತಿದ್ರು ಅನ್ನೋದನ್ನ ಬರದು ಕೊಡ್ರಿ. ಪೆಟ್ರೋಲಿನ ಜಾಗದಾಗ ಯಾರು ಬಂದ್ರು, ಯಾರು ಬರಲಿಲ್ಲ ಅಂತ ಯಾಕ ಎಣಿಸಲಿಲ್ಲ ಅಂತ ನಾ ಅವರನ್ನ ಕೇಳಬೇಕು. ಕೂಡ್ಲೆ ಹೋದ್ರು ಅಂತ ಹೇಳಿ ನನ್ನ ಬಾಯಿ ಮುಚ್ಚಿಸ್ಯಾರ."

ಬರೆದು ಕೊಡುವುದೆಂದರೆ ಇವರು, ತಾನು ನಿಲ್ಲದೆ ದಾಟಿ ಬಂದೆ ಎಂದೂ ಬರೆಯುವುದು. ಅತ್ತೆಗೆ ವಿಷಯ ತಿಳಿದಾಗ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟರು.

"ಬ್ಯಾಡಪ್ಪ. ಹೋದೋನು ತಿರುಗಿ ಬರ್ತಾನೇನು? ಸನ್ಮಾನಕ್ಕೆ ಕಾರ್ಡ್ ಹಂಚಿ ಆಗೈತೆ. ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆಗೆ ಕೈ ಮುಗಿದು ಬಾ, ಭಾರ ಇಳಿತೈತೆ."

"ಅಜ್ಜಯ್ಯ ಏನು ಮಾಡ್ತಾನವ್ವ, ನೋಡಿದ್ದು ನಾನು."

ಅವರು ಹೇಳಿದರು, ನಾನು ಬರೆದೆ. ನನ್ನ ಇಂಗ್ಲಿಷು ಪರೀಕ್ಷೆಯ ಇಂಗ್ಲಿಷು; 'ಹಿ ವಾಸ್ ಅಲೈವ್' ಎಂಬ ಮೂರು ಪದ ಬರೆಯುವಾಗ ಪೆನ್ನು ನಿಂತಿತು. ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿದೆವು. ಒಂದು ಆಕೆಗೆ, ಒಂದು ರ‍್ಯಾಲಿಯವರಿಗೆ, ಒಂದು ನಮಗೆ. ಸಹಿ ಹಾಕಿದ ಮೇಲೆ ಇವರು ಸನ್ಮಾನದವರ ಮನೆಗೆ ಹೋಗಿ, ಬೇಡ ಎಂದು ಹೇಳಿ ಬಂದರು. ಕಾರಣವನ್ನೂ ಹೇಳಿದರಂತೆ. ಹೇಳದಿದ್ದರೂ ಆಗುತ್ತಿತ್ತು.

ಊರಿಗೆ ಹಬ್ಬಲು ಎಷ್ಟು ಹೊತ್ತು. ಹರಿಹರದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಹೆಂಗಸರಿಬ್ಬರು, ಸಾಯೋನನ್ನ ದಾಟಿ ಬಂದು ಕಪ್ ತಗಂಡನಂತೆ ಎಂದು ಮಾತಾಡಿಕೊಂಡರು. ಕಪ್ಪೇನೂ ಬಂದಿರಲಿಲ್ಲ, ಹನ್ನೊಂದನೆಯವರಿಗೆ ಕಪ್ಪು ಕೊಡುವುದಿಲ್ಲ ಎಂದು ತಿರುಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಅಂಗಡಿಯಲ್ಲಿ ಸಂಜೆ ಹೊತ್ತು ಹರಟೆಗೆ ಬರುತ್ತಿದ್ದವರು ಬರುವುದು ಬಿಟ್ಟರು. ಗಿರಾಕಿಗಳು ಬಂದು ಚೈನು, ಪ್ಲಗ್ಗು ತೆಗೆದುಕೊಂಡು ಹೋಗುತ್ತಿದ್ದರು.

ರ‍್ಯಾಲಿಯವರ ಉತ್ತರ ಎರಡು ಪ್ಯಾರಾ ಇತ್ತು. ಭಾಗವಹಿಸುವವರು ಅಪಾಯವೆಲ್ಲ ತಮ್ಮದೇ ಎಂದು ಸಹಿ ಮಾಡಿರುತ್ತಾರೆ, ವ್ಯವಸ್ಥೆಯಲ್ಲಿ ಲೋಪವಿರಲಿಲ್ಲ. ನಿಯಮ ಮುರಿದು ನಿಲ್ಲದೆ ಹೋದ ನನ್ನ ಗಂಡನನ್ನು ಇನ್ನು ಮುಂದೆ ಸೇರಿಸಿಕೊಳ್ಳುವುದಿಲ್ಲ. ಇವರು ಅದನ್ನು ಓದಿ, "ಸರಿಯಾಗೇ ಐತೆ" ಅಂದರು. ನನಗೆ ಸಿಟ್ಟು ಬಂದದ್ದು ಆಗ. ಇವರ ತಪ್ಪು ಇವರದು, ಸರಿ. ಒಬ್ಬ ಮನುಷ್ಯ ಇಡೀ ಮಧ್ಯಾಹ್ನ ಲೆಕ್ಕಕ್ಕೆ ಸಿಗದೆ ಹೋದದ್ದು ಯಾರ ತಪ್ಪು? ಆ ಸಿಟ್ಟನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೋ ಗೊತ್ತಾಗಲಿಲ್ಲ. ಮಾರನೆಯ ದಿನ ಕಿರುಪರೀಕ್ಷೆ ಇತ್ತು, ಪ್ರಶ್ನೆಪತ್ರಿಕೆ ತೆಗೆದೆ.

ಹುಬ್ಬಳ್ಳಿಯಾಕೆ ಬಿಡಲಿಲ್ಲ. ವಕೀಲರನ್ನು ಹಿಡಿದರು, ಕಾಗದದ ಮೇಲೆ ಕಾಗದ ಬರೆದರು. ಮರುವರ್ಷ ಒಮ್ಮೆ ಫೋನು ಮಾಡಿ, ಈಗ ಪೆಟ್ರೋಲು ಹಾಕುವ ಪ್ರತಿ ಜಾಗದಲ್ಲೂ ನಂಬರು ನೋಡಿ ಎಣಿಸುತ್ತಾರಂತೆ, ಒಂದು ಗಂಟೆ ತಡವಾದರೆ ಜೀಪು ಕಳಿಸುತ್ತಾರಂತೆ ಎಂದು ತಿಳಿಸಿದರು.

"ಇಷ್ಟಕ್ಕ ಒಬ್ಬಾಂವ ಹೋಗಬೇಕಾಗಿತ್ತೇನ್ರಿ?" ಅಂದರು. ನನ್ನನ್ನು ಕೇಳಿದಂತಿರಲಿಲ್ಲ. ನನ್ನ ಗಂಡನನ್ನು ಕರೆಯಲೇ ಎಂದೆ. ಬೇಡ ಅಂದರು.

ಅದೇ ವರ್ಷ ನಮ್ಮೂರಿನ ಇನ್ನೊಬ್ಬ ರ‍್ಯಾಲಿಗೆ ಹೊರಟ. ಬ್ಯಾಂಕಿನ ಗುಮಾಸ್ತ, ಮೂವತ್ತರ ಆಸುಪಾಸು, ಮದುವೆಯಾಗಿ ವರ್ಷ ಕಳೆದಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಅಂಗಡಿಗೆ ಹೋದಾಗ ಅವನು ಸ್ಟೂಲಿನ ಮೇಲೆ ಕೂತಿದ್ದ. ನನ್ನ ಗಂಡ ಅವನಿಗೆ ಎಲ್ಲವನ್ನೂ ಹೇಳುತ್ತಿದ್ದರು. ಮರ, ಎತ್ತಿದ ಕೈ, ಪೆಟ್ರೋಲಿನ ಜಾಗ, ಹುಬ್ಬಳ್ಳಿಯ ಮನೆ. ನನ್ನ ಹೊರತು ಬೇರೆಯವರೆದುರು ಅಷ್ಟು ಮಾತಾಡಿದ್ದನ್ನು ನಾನು ಆ ವರ್ಷ ಕಂಡಿರಲಿಲ್ಲ. "ಯಾರರ ಬಿದ್ದಿದ್ರೆ ನಿಲ್ಲು. ಆರಾಮ ಇದೀನಿ ಅಂದ್ರೂ ನಿಲ್ಲು. ನಿಂತು ಮುಖ ನೋಡಿ ಹೋಗು" ಎಂದರು.

ಅವನು ಮರ್ಯಾದೆಯಿಂದ ತಲೆಯಾಡಿಸುತ್ತಾ ಕೇಳಿದ. ಚಹಾ ಮುಗಿಸಿ ಲೋಟ ಕೆಳಗಿಟ್ಟ.

"ಅದೆಲ್ಲ ಸರಿ ಅಣ್ಣಾ. ಮರಳಿನಾಗೆ ಟೈರಿಗೆ ಗಾಳಿ ಎಷ್ಟಿರ್ಬೇಕು?"

ನನ್ನ ಗಂಡ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನೂ ಹೇಳಿದರು.