ಟ್ಯಾಬ್‌ಗೆ ಹಚ್ಚಿದ ವಿಭೂತಿ

ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೆ ಪೂಜೆಯ ಮರುದಿನ ನನ್ನ ಟ್ಯಾಬ್ 'ಸಿಮ್ ಇಲ್ಲ' ಎಂದು ಹಟ ಹಿಡಿಯಿತು. ಭಂಕೂರ ಊರಿನಲ್ಲಿ ನಾನು ಮಾಡಿದ್ದ ಮನೆಮನೆ ಸಮೀಕ್ಷೆಯನ್ನು ಅದರಿಂದಲೇ ಸಂಜೆ ಐದರೊಳಗೆ ಕಳಿಸದಿದ್ದರೆ ನನ್ನ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಶಹಾಬಾದಿನ ಮೊಬೈಲ್ ಅಂಗಡಿಗೆ ಓಡಿದೆ.

ಅಂಗಡಿಯವನು ಸಿಮ್ ತೆಗೆದೂ ನೋಡಲಿಲ್ಲ. "ಬೋರ್ಡ್ ಹೋಗ್ಯಾದ ಅಕ್ಕಾ, ಬಿಟ್ಟು ಹೋಗ್ರಿ. ನಾಕು ದಿನ ಬೇಕು. ಸಾಲಿ ಕಲ್ತವರ ಕೈಯಾಗ ಕೊಡೂ ಮಾಲು ಇದು," ಎಂದ.

"ನಾ ಸಾಲಿ ಮೆಟ್ಟಲಾ ಹತ್ತಿಲ್ಲ. ಓದೂದು ನಾನೇ ಕಲ್ತೀನಿ," ಎಂದೆ.

ಅಲ್ಲೇ ಬೆಂಚಿನ ಮೇಲೆ ಕುಳಿತು, ಟ್ಯಾಬ್ ಜೊತೆ ಕೊಟ್ಟಿದ್ದ ಕನ್ನಡ ಪುಸ್ತಿಕೆಯನ್ನು ಬೆರಳಿಟ್ಟು ಓದಿದೆ. ಬಳೆಗೆ ಸಿಗಿಸಿದ್ದ ಪಿನ್ನು ಚುಚ್ಚಿ ಸಿಮ್ಮಿನ ತಟ್ಟೆ ಹೊರಗೆಳೆದೆ. ಅದರ ತುಂಬ ವಿಭೂತಿ! ಪೂಜೆಯ ದಿನ ನಾನೇ ಭಕ್ತಿಯಿಂದ ಟ್ಯಾಬ್‌ಗೆ ಮೂರು ಪಟ್ಟಿ ಎಳೆದಿದ್ದೆ. ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಎದ್ದು ನಿಂತವು. ನಾಲ್ಕೂವರೆಗೆ ಸಮೀಕ್ಷೆ ಹೋಯಿತು.

"ಹ್ಯಾಂಗ ಮಾಡಿದ್ರಿ?" ಅವನು ಎದ್ದು ಬಂದ.

"ಓದಿ ಮಾಡ್ದೆ."

ಹೊರಡುವಾಗ ಅವನ ಪ್ರಿಂಟರ್ ಕಣ್ಣಿಗೆ ಬಿತ್ತು. ಮೇಲೆ 'ಕೆಟ್ಟಿದೆ' ಎಂಬ ಚೀಟಿ, ಕಾಗದ ನುಂಗುವ ಬಾಯಿಗೆ ದಪ್ಪನೆಯ ಮೂರು ಪಟ್ಟಿ ವಿಭೂತಿ. ನನ್ನ ಪುಸ್ತಿಕೆಯನ್ನು ಚೀಲಕ್ಕೆ ಹಾಕಿಕೊಂಡೆ. ಆ ಪ್ರಿಂಟರನ್ನು ಸಾಲಿ ಕಲಿತವರ ಕೈಗೇ ಬಿಟ್ಟು ಬಂದೆ.