ವೂಫರಿಗೆ ಮೆತ್ತಿದ ಕಣಕ

ನಮ್ಮ ಮನೆಯ ಮುದುಕನಿಗೆ, ನನ್ನ ಗಂಡನಿಗೆ, ಕಿವಿ ಪೂರ್ತಿ ಹೋಗಿ ನಾಲ್ಕು ವರ್ಷವಾಯಿತು. ಬಸವಕಲ್ಯಾಣದ ಭಜನೆಗಳಲ್ಲಿ ಮೃದಂಗದಂಥ ಪಖವಾಜು ಬಾರಿಸಿದ ಮನುಷ್ಯ. ಈಗ ಅವನಿಗೆ ಉಳಿದದ್ದು ಟಿವಿ ಪಕ್ಕದ ವೂಫರ್ ಡಬ್ಬಿ ಒಂದೇ. ಸೊಸೆ ಭಜನೆ ಹಚ್ಚಿದರೆ ಅದರ ಮೇಲೆ ಅಂಗೈ ಇಟ್ಟು ಕೂರುತ್ತಾನೆ. ಗುಮ್ಮೆನ್ನುವುದು ಕೈಗೆ ತಾಗುತ್ತದೆ. ತಾಗಿದ ದಿನ ಎರಡು ಚಪಾತಿ ತಿನ್ನುತ್ತಾನೆ. ಇಲ್ಲದ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಾನೆ.

ಹೋದ ಚಳಿಗಾಲ ಡಬ್ಬಿಯ ಮುಂದಿನ ತಗಡಿನ ಜಾಳಿ ಸಡಿಲಾಗಿ ಜಿರ್ರೆನ್ನತೊಡಗಿತು. ಅವನಿಗೇನು, ಕೇಳಿಸದು. ನಮ್ಮ ಹಲ್ಲು ಜುಮ್ಮೆನ್ನುತ್ತಿತ್ತು.

“ಅತ್ತಿ, ತಲಿ ಒಡಿಲಾಕತ್ತದ. ಇದರ ಬಾಯಿ ಮುಚ್ಚಸ್ರಿ, ಇಲ್ಲಾಂದ್ರ ನಾ ಹಚ್ಚಂಗಿಲ್ಲ,” ಎಂದಳು ಸೊಸೆ.

ಜಾಳಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತಿತ್ತು. ತಪ್ಪು ಜಾಳಿಯದೇ ಎಂದು ಅಷ್ಟರಲ್ಲೇ ತಿಳಿಯಬೇಕಿತ್ತು. ನನಗೆ ನೆನಪಾದದ್ದು ಪಖವಾಜು. ಅದರ ದನಿ ಒಡಕಾದರೆ ಇವನು ಎಡಮುಖಕ್ಕೆ ಗೋಧಿ ಕಣಕ ಮೆತ್ತುತ್ತಿದ್ದ, ದನಿ ತುಂಬಿ ಬರುತ್ತಿತ್ತು. ಆ ಕಣಕ ನಾದಿ ಕೊಡುತ್ತಿದ್ದವಳು ನಾನೇ. ಜಾಳಿ ಕಿತ್ತು, ಒಳಗಿನ ಕರಿ ಕಾಗದದ ಬಟ್ಟಲಿಗೆ ಕಣಕ ಮೆತ್ತಿ, ಜಾಳಿಯನ್ನು ಗಟ್ಟಿಯಾಗಿ ಒತ್ತಿ ಕೂರಿಸಿದೆ. ಅಂದು ಜಿರ್ರೆನ್ನಲಿಲ್ಲ. ಜಂಬಪಟ್ಟೆ. ಮೂರನೆಯ ದಿನ ಕಣಕ ಒಣಗಿ ಬಿರಿದು ಕಾಗದವನ್ನೂ ಹರಿದುಹಾಕಿತು. ಡಬ್ಬಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಮನಾಬಾದಿಗೆ ಒಯ್ದೆ. ರಿಪೇರಿಯವನು ಜಾಳಿ ತೆಗೆದು ನಕ್ಕ.

“ಆಯಿ, ಇದರಾಗ ಚಪಾತಿ ಬೇಯಸ್ಲಾಕತ್ತಿದ್ರೇನ್ರಿ?”

“ಜಾಳಿ ಜಿರ್ ಅಂತಿತ್ತು. ಅದಕ್ಕ ಮೆತ್ತೀನಿ.”

“ಜಾಳಿ ಅಂಚಿಗಿ ಒಂದು ಅರಬಿ ಪಟ್ಟಿ ಅಂಟಿಸಿದ್ರ ಸಾಕಿತ್ತು. ಈ ಕಾಗದ ಅಲುಗಿದ್ರೇ ಆವಾಜ್ ಬರ್ತದ. ಇದಕ್ಯಾಕ ಕೈ ಹಚ್ಚಿದ್ರಿ?”

“ಬ್ಯಾರೆ ಕಾಗದ ಹಾಕು.”

“ಈ ಹಳೀ ಮಾಲಿಂದು ಈಗ ಎಲ್ಲೂ ಸಿಗಂಗಿಲ್ಲ, ಆಯಿ.”

ಪಾಪವೆಂದು ಜಾಳಿಯ ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿಕೊಟ್ಟ. ಈಗ ಜಾಳಿ ಅಲುಗುವುದಿಲ್ಲ. ಅದನ್ನು ಅಲುಗಿಸುವಂಥದ್ದು ಒಳಗೆ ಏನೂ ಇಲ್ಲ. ಹೊಸ ಡಬ್ಬಿಯನ್ನು ಸೊಸೆ ಹೊಸ್ತಿಲು ದಾಟಿಸಲು ಬಿಡಳು.

ಸಂಜೆ ಮುದುಕ ಎಂದಿನಂತೆ ಅಂಗೈ ಇಟ್ಟು ಕಾದ. ನಾನು ಡಬ್ಬಿಯ ಹಿಂದೆ ಕೂತು ಅದಕ್ಕೆ ಮುಷ್ಟಿಯಿಂದ ಗುದ್ದಿದೆ. ಅವನ ಬೆರಳು ಒಂದು ಗಳಿಗೆ ಎದ್ದವು. ಆಮೇಲೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ.

“ಬಿಡು. ನಿನಗ ತಾಳ ಬರಂಗಿಲ್ಲ.”

ಗೋಡೆಗೆ ಮುಖ ಮಾಡಿದ. ಅಂದಿನಿಂದ ಅವನ ಪಾಲಿಗೆ ಒಂದೇ ಚಪಾತಿಗಾಗುವಷ್ಟು ಹಿಡಿ ಕಣಕ ನಾದುತ್ತೇನೆ. ಅದೂ ಉಳಿಯುತ್ತದೆ.