ಅಮ್ಮನ ವಿಳಾಸದಿಂದ ಬಂದ ಇಮೇಲುಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಜರಡಿ ಅಕ್ಕ ಎನ್ನುತ್ತಿದ್ದರು. ಬರುವ ಇಮೇಲುಗಳೆಲ್ಲ ತಾವಾಗಿಯೇ ಆಯಾ ಫೋಲ್ಡರಿಗೆ ಹೋಗಿ ಬೀಳುವಂತೆ ನಿಯಮ ಬರೆಯುವುದು ಅವಳ ಕೆಲಸ. ಒಳಗೆ ಏನು ಬರೆದಿದೆ ಎಂದು ಅವಳ ಜರಡಿ ನೋಡುತ್ತಿರಲಿಲ್ಲ. ಯಾರಿಂದ, ಯಾರಿಗೆ, ಯಾವ ದಾರಿ ಹಿಡಿದು ಬಂತು ಎಂಬ ತಲೆಬರಹ ನೋಡಿದರೆ ಮುಗಿಯಿತು. “ಮುಖ ನೋಡಿ ಮಣೆ ಹಾಕೋದೇ ನನ್ನ ಉದ್ಯೋಗ” ಎಂದು ತಾನೇ ನಗುತ್ತಿದ್ದಳು.

ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ. ಒಮ್ಮೆ ನೆಂಟರೆಲ್ಲ ಸೇರಿದ್ದಾಗ ತಂಗಿ, “ಅಮ್ಮನ್ನ ನೋಡ್ಕೊಳ್ಳೋಕೆ ನಾನು, ಹೆಸರು ಹೇಳ್ಕೊಳ್ಳೋಕೆ ಅಕ್ಕ” ಎಂದುಬಿಟ್ಟಳು. ಮಾತು ನಿಜವಾಗಿತ್ತು, ಅದಕ್ಕೇ ಉರಿಯಿತು. ಜರಡಿ ಅಕ್ಕ ಮನೆಗೆ ಬಂದವಳೇ ತಂಗಿಯ ಫೋನ್ ನಂಬರು ಬ್ಲಾಕ್ ಮಾಡಿದಳು. ತಂಗಿಯ ವಿಳಾಸದಿಂದ ಬಂದದ್ದೆಲ್ಲ ನೇರ ಕಸಕ್ಕೆ ಎಂದು ಒಂದು ನಿಯಮವನ್ನೂ ಬರೆದಳು. ಹಟ ಅಂದರೆ ಅಂಥಾ ಹಟ!

ತಿಂಗಳೊಪ್ಪತ್ತಿನಲ್ಲಿ ಅಮ್ಮನ ಹೆಸರಿನ ವಿಳಾಸದಿಂದ ಇಮೇಲ್ ಬಂತು: “ಊಟ ಆಯ್ತಾ? ಮೊಣಕಾಲು ನೋವು ಹೇಗಿದೆ?” ಅಬ್ಬಬ್ಬಾ! ಟಿವಿ ರಿಮೋಟು ಮುಟ್ಟಲೂ ಅಂಜುವ ಅಮ್ಮ ಇಮೇಲ್ ಬರೆಯುವುದೇ? ಜರಡಿ ಅಕ್ಕ ತಲೆಬರಹವನ್ನು ಪೂರ್ತಿ ತೆರೆದು ನೋಡಿದಳು. ಹೆಸರೇನೋ ಅಮ್ಮನದೇ, ಆದರೆ ಇಮೇಲ್ ಹೊರಟದ್ದು ಕನ್ನಡಕದ ಅಂಗಡಿಯೊಂದರ ಕಂಪ್ಯೂಟರಿನಿಂದ. ಅಲ್ಲಿ ಬಿಲ್ ಹಾಕುವವಳು ತಂಗಿ.

ಆ ಕಂಪ್ಯೂಟರಿಗೂ ಒಂದು ನಿಯಮ ಬರೆಯಲು ಅರೆಗಳಿಗೆ ಸಾಕಿತ್ತು. ಅವಳು ಬರೆಯಲಿಲ್ಲ. “ಆಯ್ತಮ್ಮ, ನೋವು ಕಡಿಮೆ” ಎಂದು ಉತ್ತರ ಹಾಕಿದಳು. ಹೀಗೇ ವರ್ಷ ಕಳೆಯಿತು. ಗಂಡನ ಗೊರಕೆ, ಮಗಳ ಮೊಂಡಾಟ, ತನಗೆ ಕೈತಪ್ಪಿದ ಬಡ್ತಿ, ಎಲ್ಲವನ್ನೂ “ಅಮ್ಮ”ನಿಗೆ ಬರೆದಳು. “ಅಮ್ಮ” ಬೈದಳು, ಸಮಾಧಾನವನ್ನೂ ಹೇಳಿದಳು. ತಂಗಿಯ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಬೇಸಿಗೆಯಲ್ಲಿ ಅಮ್ಮ ನಾಲ್ಕು ದಿನ ಇರಲು ಬಂದಳು. ಒಗೆದ ಬಟ್ಟೆ ಮಡಚುತ್ತಾ, “ನನ್ನ ಹೆಸರಲ್ಲಿ ನಿನಗೆ ಬರೆಯೋದು ಅವಳು ಕಣೇ” ಎಂದಳು.

“ಗೊತ್ತಮ್ಮ.”

“ಗೊತ್ತಾ? ಗೊತ್ತಿದ್ದೂ ಓದ್ತೀಯಾ?”

“ಮೊದಲನೇ ದಿನದಿಂದ.”

ಅಮ್ಮನ ಕೈ ನಿಂತಿತು. “ಒಳ್ಳೇ ಅಕ್ಕ, ಒಳ್ಳೇ ತಂಗಿ! ನಾನಿರೋ ತನಕ ಸರಿ. ಆಮೇಲೆ ಅವಳು ಯಾರ ಹೆಸರಲ್ಲಿ ಬರೀಬೇಕೇ?”

ಜರಡಿ ಅಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಎದ್ದು ಹೋಗಿ ತಂಗಿಯ ವಿಳಾಸಕ್ಕೆ ಹಾಕಿದ್ದ ಆ ನಿಯಮವನ್ನು ಅಳಿಸಿದಳು. ಆಮೇಲೆ ತಂಗಿಯ ಸ್ವಂತ ವಿಳಾಸಕ್ಕೇ ಬರೆದಳು: “ಅಮ್ಮನ್ನ ಕರ್ಕೊಂಡು ಹೋಗೋಕೆ ನೀನೇ ಬಾ. ಬಂದವಳು ನಾಲ್ಕು ದಿನ ಇದ್ದು ಹೋಗು.”